ಡಿಜಿಟಲ್ ಕ್ಯಾಮೆರಾ ಕೆಟ್ಟಾಗ: ದುರಸ್ತಿ ಮತ್ತು ಪರಿಹಾರ ಕುರಿತು ಗ್ರಾಹಕರಿಗೆ ಮಾಹಿತಿ

ಪೀಠಿಕೆ

ಮದುವೆ, ನಾಮಕರಣ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವ ಮುಂತಾದ ಸಂದರ್ಭಗಳಲ್ಲಿ ಚಿತ್ರ ತೆಗೆಯಲು ಬಳಸುವ ಡಿಜಿಟಲ್ ಕ್ಯಾಮೆರಾ ಅನೇಕ ಕುಟುಂಬಗಳಿಗೆ ಬೆಲೆಬಾಳುವ ವಸ್ತುವಾಗಿದೆ. ತಾಲ್ಲೂಕು ಮತ್ತು ಹೋಬಳಿ ಕೇಂದ್ರಗಳ ಛಾಯಾಗ್ರಾಹಕರಿಗೆ ಅದೇ ಜೀವನೋಪಾಯದ ಸಾಧನವೂ ಆಗಿದೆ. ಇಂತಹ ಕ್ಯಾಮೆರಾ ಏಕಾಏಕಿ ಕೆಟ್ಟಾಗ, ಕೆಟ್ಟಿದ್ದರಿಂದ ಆದ ನಷ್ಟಕ್ಕಿಂತ ಗಾಬರಿಯಲ್ಲಿ ಕೈಗೊಂಡ ಕ್ರಮಗಳಿಂದ ಆಗುವ ನಷ್ಟವೇ ಹೆಚ್ಚಾಗುವ ಸಂಭವವಿರುತ್ತದೆ. ಇದನ್ನು ತಪ್ಪಿಸುವ ಸಲುವಾಗಿ ಗ್ರಾಹಕರು ಅನುಸರಿಸಬಹುದಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಕ್ಯಾಮೆರಾ ಕೆಟ್ಟಾಗ ಗ್ರಾಹಕರು ಮೊದಲು ಚಿತ್ರಗಳನ್ನು, ನಂತರ ದಾಖಲೆಗಳನ್ನು, ಕೊನೆಯಲ್ಲಿ ಯಂತ್ರವನ್ನು ಕಾಪಾಡಿಕೊಳ್ಳತಕ್ಕದ್ದು. ಯಂತ್ರವನ್ನು ಮತ್ತೊಮ್ಮೆ ಕೊಳ್ಳಬಹುದು. ದಾಖಲೆ ಇದ್ದಲ್ಲಿ ಅದರ ಬೆಲೆಯನ್ನೂ ಮರಳಿ ಪಡೆಯಬಹುದು. ಆದರೆ ಮುಗಿದುಹೋದ ಮುಹೂರ್ತದ ಚಿತ್ರವನ್ನು ಯಾವ ಆಯೋಗವೂ ಮರಳಿ ಕೊಡಿಸಲಾರದು.

1. ಚಿತ್ರಗಳ ರಕ್ಷಣೆ

ಕ್ಯಾಮೆರಾದಲ್ಲಿ ದೋಷ ಕಂಡುಬಂದ ಕೂಡಲೇ ಅದನ್ನು ಆರಿಸಿ, ಮೆಮೊರಿ ಕಾರ್ಡನ್ನು ಹೊರತೆಗೆದು, ಕಾರ್ಡ್ ರೀಡರ್ ಮೂಲಕ ಚಿತ್ರಗಳನ್ನು ಗಣಕಯಂತ್ರಕ್ಕೆ ನಕಲು ಮಾಡಿಕೊಳ್ಳಬೇಕು. ಕ್ಯಾಮೆರಾ ಕೆಟ್ಟ ಮಾತ್ರಕ್ಕೆ ಕಾರ್ಡಿನಲ್ಲಿರುವ ಚಿತ್ರಗಳು ಹಾಳಾಗಿವೆ ಎಂದು ಭಾವಿಸಬೇಕಾಗಿಲ್ಲ.

ಕಾರ್ಡನ್ನು ಓದಲಾಗುತ್ತಿಲ್ಲ ಎಂದು ತಿಳಿಸಿ "ಫಾರ್ಮ್ಯಾಟ್ ಮಾಡಬೇಕೆ?" ಎಂದು ಯಂತ್ರವು ಕೇಳಿದಲ್ಲಿ "ಬೇಡ" ಎಂಬುದನ್ನೇ ಆಯ್ಕೆ ಮಾಡತಕ್ಕದ್ದು. ಒಂದು ವೇಳೆ ಚಿತ್ರಗಳು ಅಳಿಸಿಹೋಗಿದ್ದರೆ ಅಥವಾ ಫಾರ್ಮ್ಯಾಟ್ ಆಗಿದ್ದರೆ ಆ ಕಾರ್ಡಿನಲ್ಲಿ ಹೊಸದಾಗಿ ಒಂದು ಚಿತ್ರವನ್ನೂ ತೆಗೆಯಬಾರದು. ಸಾಮಾನ್ಯವಾಗಿ ಚಿತ್ರವನ್ನು ಅಳಿಸಿದಾಗ ಕಾರ್ಡಿನ ಸೂಚಿಯಿಂದ ಅದರ ನಮೂದು ಮಾತ್ರ ಹೋಗುತ್ತದೆ. ಹೊಸ ಚಿತ್ರವು ಅದೇ ಜಾಗದಲ್ಲಿ ಬರೆಯಲ್ಪಡುವವರೆಗೆ ಹಳೆಯ ಚಿತ್ರದ ದತ್ತಾಂಶ ಉಳಿದಿರುವ ಸಾಧ್ಯತೆ ಇದೆ. ಅಂತಹ ಕಾರ್ಡನ್ನು ಪ್ರತ್ಯೇಕವಾಗಿ ತೆಗೆದಿರಿಸಿ, ದತ್ತಾಂಶ ಮರುಪಡೆಯುವ ತಂತ್ರಾಂಶದಿಂದ ಪ್ರಯತ್ನಿಸಬಹುದು. ಮರುಪಡೆದ ಚಿತ್ರಗಳನ್ನು ಅದೇ ಕಾರ್ಡಿಗೆ ಉಳಿಸದೆ ಗಣಕಯಂತ್ರದಲ್ಲಿ ಉಳಿಸಬೇಕು.

2. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ಬ್ಯಾಟರಿ, ಕಾರ್ಡ್ ಅಥವಾ ಲೆನ್ಸಿನ ತೊಂದರೆಯನ್ನು ಕ್ಯಾಮೆರಾದ ದೋಷವೆಂದು ತಿಳಿಯುವುದು ಸಾಮಾನ್ಯ. ಆದುದರಿಂದ ಒಂದು ಬಾರಿಗೆ ಒಂದು ಭಾಗವನ್ನು ಮಾತ್ರ ಬದಲಿಸಿ ಪರೀಕ್ಷಿಸಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ದೋಷವು ಎಲ್ಲಿತ್ತು ಎಂಬುದು ತಿಳಿಯುವುದಿಲ್ಲ. ಸಾಮಾನ್ಯ ಲಕ್ಷಣಗಳು ಮತ್ತು ಅವುಗಳಿಗೆ ಮೊದಲು ನೋಡಬೇಕಾದ ಅಂಶಗಳು ಈ ಕೆಳಕಂಡಂತಿವೆ.

ಅ) ಕ್ಯಾಮೆರಾ ಚಾಲೂ ಆಗದಿರುವುದು: ಪೂರ್ಣ ಚಾರ್ಜ್ ಆದ ಮತ್ತೊಂದು ಬ್ಯಾಟರಿಯನ್ನು ಹಾಕಿ ನೋಡಬೇಕು. ಬ್ಯಾಟರಿಯ ಮತ್ತು ಒಳಗಿನ ಲೋಹದ ಸಂಪರ್ಕಗಳನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಬೇಕು. ಉಬ್ಬಿರುವ ಲಿಥಿಯಂ ಬ್ಯಾಟರಿಯನ್ನು ಯಾವ ಕಾರಣಕ್ಕೂ ಚಾರ್ಜ್ ಮಾಡಬಾರದು, ಬಳಸಬಾರದು.

ಆ) ಕಾರ್ಡಿಗೆ ಬರೆಯಲಾಗುತ್ತಿಲ್ಲ ಎಂಬ ಸೂಚನೆ: ಎಸ್.ಡಿ. ಕಾರ್ಡಿನ ಪಕ್ಕದಲ್ಲಿರುವ ಸಣ್ಣ ಗುಂಡಿಯು ಕೆಳಕ್ಕೆ ಸರಿದಿದ್ದರೆ ಕಾರ್ಡ್ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ. ಅದನ್ನು ಮೇಲಕ್ಕೆ ಸರಿಸಿದರೆ ಸಾಕಾಗುತ್ತದೆ.

ಇ) ಹಳೆಯ ಕ್ಯಾಮೆರಾ ಹೊಸ ಕಾರ್ಡನ್ನು ಗುರುತಿಸದಿರುವುದು: ಮೊದಲಿನ ಎಸ್.ಡಿ. ಕಾರ್ಡುಗಳ ಮಿತಿ 2 ಜಿ.ಬಿ. ಆಗಿತ್ತು. 32 ಜಿ.ಬಿ. ವರೆಗಿನ ಎಸ್.ಡಿ.ಎಚ್.ಸಿ. ಮಾನದಂಡ ಬಂದದ್ದು 2006ರಲ್ಲಿ. ಅದಕ್ಕಿಂತ ಹಿಂದಿನ ಅನೇಕ ಕ್ಯಾಮೆರಾಗಳು ದೊಡ್ಡ ಕಾರ್ಡುಗಳನ್ನು ಓದಲಾರವು. ಇದು ಕ್ಯಾಮೆರಾದ ದೋಷವಲ್ಲ.

ಈ) ದಿನಾಂಕ ಮತ್ತು ವೇಳೆ ಅಳಿಸಿಹೋಗುವುದು: ಗಡಿಯಾರವನ್ನು ನಡೆಸುವ ಸಣ್ಣ ಕೋಶವೊಂದು ಕ್ಯಾಮೆರಾದ ಒಳಗಿರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಅದು ಮುಖ್ಯ ಬ್ಯಾಟರಿಯಿಂದಲೇ ಚಾರ್ಜ್ ಆಗುತ್ತದೆ. ಪೂರ್ಣ ಚಾರ್ಜ್ ಆದ ಬ್ಯಾಟರಿಯನ್ನು ಒಂದೆರಡು ದಿನ ಕ್ಯಾಮೆರಾದಲ್ಲೇ ಇರಿಸಿದ ನಂತರವೂ ದಿನಾಂಕ ಅಳಿಸಿಹೋದಲ್ಲಿ ಮಾತ್ರ ಕೋಶವನ್ನು ಬದಲಾಯಿಸುವ ಅಗತ್ಯವಿರುತ್ತದೆ.

ಉ) ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ: ಲೆನ್ಸ್ ರಂಧ್ರವನ್ನು ಕಿರಿದಾಗಿಸಿ (ಎಫ್/16ರ ಆಸುಪಾಸು) ಬಿಳಿ ಗೋಡೆಯ ಚಿತ್ರ ತೆಗೆದು ನೋಡಬೇಕು. ಲೆನ್ಸ್ ಬದಲಿಸಿದ ಮೇಲೂ ಚುಕ್ಕೆ ಅಲ್ಲೇ ಇದ್ದರೆ ಸಂವೇದಕದ ಮೇಲೆ ಧೂಳು ಕುಳಿತಿದೆ ಎಂದು ಅರ್ಥ.

ಊ) ಲೆನ್ಸ್ ಹೊರಬಂದು ಅಲ್ಲೇ ನಿಲ್ಲುವುದು: ಚಿಕ್ಕ ಕ್ಯಾಮೆರಾಗಳಲ್ಲಿ ಮರಳಿನ ಕಣ, ಕೆಳಗೆ ಬಿದ್ದ ಪೆಟ್ಟು ಅಥವಾ ಬ್ಯಾಟರಿಯ ಶಕ್ತಿ ಕುಂದಿರುವುದು ಇದಕ್ಕೆ ಕಾರಣ. ಬ್ಯಾಟರಿ ಬದಲಿಸಿ ಒಮ್ಮೆ ನೋಡಬಹುದು. ಕೈಯಿಂದ ಒತ್ತಿ ಒಳಕ್ಕೆ ತಳ್ಳಬಾರದು.

ಈ ಪರೀಕ್ಷೆಗಳ ಫಲಿತಾಂಶವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಸೂಕ್ತ. ಪರದೆಯ ಮೇಲೆ ದೋಷದ ಸಂಖ್ಯೆಯೇನಾದರೂ ಕಂಡುಬಂದಲ್ಲಿ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿರಿಸಬೇಕು.

3. ಗ್ರಾಹಕರು ಮಾಡಬಾರದ ಕಾರ್ಯಗಳು

ಕ್ಯಾಮೆರಾದ ಹೊರಕವಚವನ್ನು ಬಿಚ್ಚಬಾರದು. ಫ್ಲಾಶ್ ದೀಪಕ್ಕೆ ವಿದ್ಯುತ್ ಒದಗಿಸುವ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್‌ನಷ್ಟು ವಿದ್ಯುತ್ ಸಂಗ್ರಹವಾಗಿರುತ್ತದೆ. ಬ್ಯಾಟರಿ ತೆಗೆದ ನಂತರವೂ ಅದು ಉಳಿದಿರುವುದರಿಂದ ಅಪಾಯಕಾರಿ ಆಘಾತ ಉಂಟಾಗಬಹುದು.

ಕ್ಯಾಮೆರಾ ನೀರಿಗೆ ಬಿದ್ದಲ್ಲಿ ಚಾಲೂ ಆಗುತ್ತದೆಯೇ ಎಂದು ಪರೀಕ್ಷಿಸಬಾರದು. ಕೂಡಲೇ ಬ್ಯಾಟರಿ ಮತ್ತು ಕಾರ್ಡನ್ನು ಹೊರತೆಗೆದು, ಹೊರಭಾಗವನ್ನು ಒರೆಸಿ, ಸೇವಾ ಕೇಂದ್ರಕ್ಕೆ ಒಯ್ಯಬೇಕು. ಸಮುದ್ರದ ಉಪ್ಪುನೀರು ಒಳಗಿನ ಲೋಹವನ್ನು ಬೇಗನೆ ತಿನ್ನುವುದರಿಂದ ಕರಾವಳಿಯ ಗ್ರಾಹಕರು ವಿಳಂಬ ಮಾಡಬಾರದು. ಅಕ್ಕಿಯ ಡಬ್ಬಿಯಲ್ಲಿ ಹುದುಗಿಸಿಡುವುದರಿಂದ ವಿಶೇಷ ಪ್ರಯೋಜನವಿಲ್ಲ. ಅಕ್ಕಿಯ ಧೂಳು ಒಳಸೇರುವ ಸಂಭವವೂ ಇದೆ.

ಸಂವೇದಕದ ಮೇಲಿನ ಧೂಳನ್ನು ಬಾಯಿಂದ ಊದಬಾರದು. ರಬ್ಬರಿನ ಗಾಳಿಚೆಂಡನ್ನು ಮಾತ್ರ ಬಳಸಬಹುದು.

4. ದಾಖಲೆಗಳು

ಸೇವಾ ಕೇಂದ್ರಕ್ಕೆ ತೆರಳುವ ಮೊದಲು ಈ ಕೆಳಕಂಡ ದಾಖಲೆಗಳನ್ನು ಒಟ್ಟುಗೂಡಿಸಿ, ಪ್ರತಿಯೊಂದರ ನಕಲನ್ನು ಇಟ್ಟುಕೊಳ್ಳತಕ್ಕದ್ದು.

- ಕ್ಯಾಮೆರಾದ ಕ್ರಮಸಂಖ್ಯೆ ನಮೂದಾಗಿರುವ ಖರೀದಿ ಬಿಲ್ಲು
- ಮಾರಾಟಗಾರರ ಮೊಹರು ಇರುವ ವಾರಂಟಿ ಕಾರ್ಡ್
- ಪೊಟ್ಟಣದ ಮೇಲಿನ ಚೀಟಿ
- ದೋಷವನ್ನು ತೋರಿಸುವ ಚಿತ್ರಗಳು ಮತ್ತು ಪರೀಕ್ಷೆಯ ಟಿಪ್ಪಣಿ

ಪೊಟ್ಟಣದ ಚೀಟಿಯನ್ನು ಅನೇಕರು ಎಸೆದುಬಿಡುತ್ತಾರೆ. 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳ ಪ್ರಕಾರ ವಿದೇಶದಿಂದ ತರಿಸಿದ ಸರಕಿನ ಪೊಟ್ಟಣದ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ ಹಾಗೂ ದೂರು ಸಲ್ಲಿಸಲು ಸಂಪರ್ಕ ವಿವರ ಇರತಕ್ಕದ್ದು. ಈ ಚೀಟಿ ಇಲ್ಲದ ಕ್ಯಾಮೆರಾವು ಅಧಿಕೃತ ಮಾರ್ಗದಲ್ಲಿ ಆಮದಾಗದೆ ಇರುವ ಸಾಧ್ಯತೆ ಇದ್ದು, ಅಂತಹವುಗಳಿಗೆ ಭಾರತದಲ್ಲಿ ಕಂಪನಿಯ ವಾರಂಟಿ ಸಿಗದೇ ಹೋಗಬಹುದು. ಕೊಳ್ಳುವಾಗ ಕೆಲವು ಸಾವಿರ ರೂಪಾಯಿ ಉಳಿಸಲು ಬಿಲ್ಲಿಲ್ಲದೆ ಖರೀದಿಸಿದವರು ದುರಸ್ತಿಯ ಸಮಯದಲ್ಲಿ ಅದಕ್ಕಿಂತ ಹೆಚ್ಚು ತೆರಬೇಕಾಗಿ ಬರಬಹುದು. ಬಿಲ್ಲು ನೀಡದಿರುವುದು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ಅನುಚಿತ ವ್ಯಾಪಾರ ಪದ್ಧತಿಯಾಗಿರುತ್ತದೆ.

5. ಸೇವಾ ಕೇಂದ್ರದಲ್ಲಿ ಗಮನಿಸಬೇಕಾದ ಅಂಶಗಳು

ವಾರಂಟಿ ಅವಧಿಯಲ್ಲಿರುವ ಕ್ಯಾಮೆರಾವನ್ನು ಅಧಿಕೃತ ಸೇವಾ ಕೇಂದ್ರಕ್ಕೆ ಮಾತ್ರ ಕೊಡಬೇಕು. ಹೊರಗಿನ ದುರಸ್ತಿಗಾರರು ಒಮ್ಮೆ ಬಿಚ್ಚಿದ ನಂತರ, ದೋಷವು ತಯಾರಿಕೆಯಿಂದಲೇ ಬಂದದ್ದೆಂದು ಸಾಬೀತುಪಡಿಸುವುದು ಕಷ್ಟಸಾಧ್ಯ.

ಕ್ಯಾಮೆರಾವನ್ನು ಒಪ್ಪಿಸುವಾಗ ಮೆಮೊರಿ ಕಾರ್ಡ್, ಕೊರಳಪಟ್ಟಿ ಮತ್ತು ಅಗತ್ಯವಿಲ್ಲದ ಇತರ ಬಿಡಿಭಾಗಗಳನ್ನು ತೆಗೆದಿಟ್ಟುಕೊಳ್ಳಬೇಕು. ದೋಷವನ್ನು ತೋರಿಸಲು ಚಿತ್ರಗಳು ಬೇಕಾದಲ್ಲಿ ಅಂತಹ ಎರಡು ಮೂರು ಚಿತ್ರಗಳ ನಕಲನ್ನು ಮಾತ್ರ ನೀಡಬೇಕು. ಮನೆಯವರ ಚಿತ್ರಗಳಿರುವ ಕಾರ್ಡನ್ನು ಅಪರಿಚಿತರ ಕೈಗೆ ಒಪ್ಪಿಸುವುದು ಸೂಕ್ತವಲ್ಲ.

ಸೇವಾ ಕೇಂದ್ರವು ನೀಡುವ ಜಾಬ್ ಶೀಟ್ ಅತ್ಯಂತ ಮಹತ್ವದ ದಾಖಲೆಯಾಗಿರುತ್ತದೆ. ಸಹಿ ಹಾಕುವ ಮೊದಲು ಅದರಲ್ಲಿ ಈ ಅಂಶಗಳು ಇವೆಯೇ ಎಂದು ಓದಿ ನೋಡತಕ್ಕದ್ದು.

- ಕ್ರಮಸಂಖ್ಯೆ ಮತ್ತು ಒಪ್ಪಿಸಿದ ದಿನಾಂಕ
- ಕ್ಯಾಮೆರಾದ ಹೊರಸ್ಥಿತಿ (ಗೀರು ಅಥವಾ ಪೆಟ್ಟು ಇಲ್ಲದಿದ್ದರೆ "ಇಲ್ಲ" ಎಂದೇ ನಮೂದಿಸಿರಬೇಕು)
- ದೋಷದ ಸ್ಪಷ್ಟ ವಿವರಣೆ
- ಅಂದಾಜು ವೆಚ್ಚ ಮತ್ತು ಹಿಂತಿರುಗಿಸುವ ದಿನಾಂಕ

"ಕೆಲಸ ಮಾಡುತ್ತಿಲ್ಲ" ಎಂಬ ಒಂದೇ ಮಾತು ಸಾಲದು. "ಪೂರ್ಣ ಚಾರ್ಜ್ ಆದ ಎರಡು ಬ್ಯಾಟರಿಗಳಿಂದ ಪರೀಕ್ಷಿಸಲಾಗಿದೆ, ಸುಮಾರು 10 ಚಿತ್ರಗಳ ನಂತರ ತಾನಾಗಿ ಆರುತ್ತದೆ" ಎಂದು ಬರೆಸಿದಲ್ಲಿ ತಂತ್ರಜ್ಞರಿಗೂ ಅನುಕೂಲ, ಮುಂದೆ ಆಯೋಗದ ಮುಂದೆ ಹೋಗಬೇಕಾಗಿ ಬಂದಲ್ಲಿ ಗ್ರಾಹಕರಿಗೂ ಆಧಾರ. ನೀರು ಅಥವಾ ಪೆಟ್ಟಿನ ಕಾರಣ ನೀಡಿ ವಾರಂಟಿಯನ್ನು ನಿರಾಕರಿಸಿದರೆ, ಆ ಕಾರಣವನ್ನು ಲಿಖಿತವಾಗಿ ಮತ್ತು ಸಂಬಂಧಿತ ಭಾಗದ ಚಿತ್ರದೊಂದಿಗೆ ನೀಡುವಂತೆ ಕೋರಬೇಕು. ಒಂದೇ ದೋಷ ಮರುಕಳಿಸಿದಲ್ಲಿ ಪ್ರತಿ ಬಾರಿಯೂ ಹೊಸ ಜಾಬ್ ಶೀಟ್ ಪಡೆಯಬೇಕು.

6. ಒಂದೇ ಮಾದರಿಯಲ್ಲಿ ಕಂಡುಬರುವ ತಯಾರಿಕಾ ದೋಷ

ಕೆಲವೊಮ್ಮೆ ಒಂದು ಮಾದರಿಯ ಅನೇಕ ಕ್ಯಾಮೆರಾಗಳಲ್ಲಿ ಒಂದೇ ದೋಷ ಕಾಣಿಸಿಕೊಳ್ಳುತ್ತದೆ. ಅಂತಹ ಸಂದರ್ಭದಲ್ಲಿ ತಯಾರಕರು ಸೇವಾ ಪ್ರಕಟಣೆ ಹೊರಡಿಸಿ, ವಾರಂಟಿ ಮುಗಿದಿದ್ದರೂ ಉಚಿತ ದುರಸ್ತಿ ಒದಗಿಸಿದ ನಿದರ್ಶನಗಳಿವೆ.

2005ರಲ್ಲಿ ಸೋನಿ ತಯಾರಿಕೆಯ ಕೆಲವು ಸಿ.ಸಿ.ಡಿ. ಸಂವೇದಕಗಳಲ್ಲಿ ಒಳಗಿನ ತಂತಿಗಳ ಜೋಡಣೆ ಕಳಚಿಕೊಳ್ಳುವ ದೋಷ ಬೆಳಕಿಗೆ ಬಂದಿತು. ಬಿಸಿ ಮತ್ತು ತೇವದ ಹವೆಯಲ್ಲಿ ಈ ದೋಷದ ಸಂಭವ ಹೆಚ್ಚಾಗಿದ್ದು, ಚಿತ್ರವು ವಿಕಾರವಾಗುತ್ತಿತ್ತು ಅಥವಾ ಮೂಡುತ್ತಲೇ ಇರಲಿಲ್ಲ. ಅದೇ ಸಂವೇದಕಗಳನ್ನು ಬಳಸಿದ್ದ ಕ್ಯಾನನ್, ನಿಕಾನ್, ಫ್ಯೂಜಿಫಿಲ್ಮ್, ಕೋನಿಕಾ ಮಿನೋಲ್ಟಾ ಮುಂತಾದ ಕಂಪನಿಗಳೂ ಸೇವಾ ಪ್ರಕಟಣೆ ಹೊರಡಿಸಿದವು. 2012ರಲ್ಲಿ ಮಾರುಕಟ್ಟೆಗೆ ಬಂದ ನಿಕಾನ್ ಡಿ600 ಮಾದರಿಯ ಚಿತ್ರಗಳಲ್ಲಿ ಕಪ್ಪು ಕಣಗಳು ಕಾಣಿಸಿಕೊಂಡಾಗ, 2014ರಲ್ಲಿ ಕಂಪನಿಯು ವಾರಂಟಿ ಮುಗಿದ ಕ್ಯಾಮೆರಾಗಳಿಗೂ ಶಟರ್ ಬದಲಾವಣೆ ಸಹಿತ ಉಚಿತ ಸೇವೆ ಪ್ರಕಟಿಸಿತು.

ಆದಕಾರಣ ದುರಸ್ತಿಗೆ ಹಣ ಪಾವತಿಸುವ ಮೊದಲು, ತಮ್ಮ ಮಾದರಿಗೆ ಸಂಬಂಧಿಸಿದಂತೆ ಇಂತಹ ಪ್ರಕಟಣೆ ಜಾರಿಯಲ್ಲಿದೆಯೇ ಎಂಬುದನ್ನು ತಯಾರಕರ ಜಾಲತಾಣದಲ್ಲಿ ಪರಿಶೀಲಿಸತಕ್ಕದ್ದು. ಈಚಿನ ವರ್ಷಗಳಲ್ಲಿ 2000ರ ದಶಕದ ಚಿಕ್ಕ ಕ್ಯಾಮೆರಾಗಳನ್ನು ಯುವಜನರು ಮತ್ತೆ ಕೊಳ್ಳುತ್ತಿದ್ದಾರೆ. ಹಳೆಯ ಪ್ರಕಟಣೆಗಳ ಉಚಿತ ಸೇವೆಗೆ ಕಾಲಮಿತಿ ಇರುವುದರಿಂದ, ಅವರು ಆ ಸೌಲಭ್ಯವನ್ನು ನಿರೀಕ್ಷಿಸದೆ ಚಿತ್ರ ತೆಗೆದು ನೋಡಿಯೇ ಖರೀದಿಸುವುದು ಒಳಿತು.

7. ವಾರಂಟಿ ಮುಗಿದ ನಂತರ: ದುರಸ್ತಿಯೋ, ಬದಲಿಯೋ?

ಅಂದಾಜು ವೆಚ್ಚವನ್ನು ಕ್ಯಾಮೆರಾದ ಖರೀದಿ ಬೆಲೆಯೊಂದಿಗೆ ಹೋಲಿಸುವುದು ಸರಿಯಾದ ಲೆಕ್ಕವಲ್ಲ. ಸವಕಳಿಯನ್ನು ಕಳೆದು, ಅದೇ ಮಾದರಿಯ ಬಳಸಿದ ಕ್ಯಾಮೆರಾಗೆ ಇಂದು ಇರುವ ಬೆಲೆಯೊಂದಿಗೆ ಹೋಲಿಸಬೇಕು. ಉದಾಹರಣೆಗೆ, 45,000 ರೂ.ಗೆ ಕೊಂಡ ಕ್ಯಾಮೆರಾದ ಇಂದಿನ ಬೆಲೆ 18,000 ರೂ. ಇದ್ದು, ತೆರಿಗೆ ಸೇರಿ ದುರಸ್ತಿಗೆ 6,000 ರೂ. ಆಗುವುದಾದರೆ ದುರಸ್ತಿ ಲಾಭದಾಯಕ. 14,000 ರೂ. ಆಗುವುದಾದರೆ ಯೋಚಿಸಬೇಕಾಗುತ್ತದೆ. ಶಟರಿನ ಬಾಳಿಕೆಯನ್ನೂ ಗಮನಿಸಬೇಕು. ಅನೇಕ ಎಸ್.ಎಲ್.ಆರ್. ಮಾದರಿಗಳ ಶಟರನ್ನು 1 ಲಕ್ಷ ಬಾರಿ, ವೃತ್ತಿಪರರ ಕೆಲವು ಮಾದರಿಗಳಲ್ಲಿ 4 ಲಕ್ಷ ಬಾರಿಯವರೆಗೆ ಪರೀಕ್ಷಿಸಲಾಗಿರುತ್ತದೆ. ಆ ಸಂಖ್ಯೆಯ ಸಮೀಪ ಬಂದ ಕ್ಯಾಮೆರಾಗೆ ಬೇರೆ ಭಾಗವನ್ನು ಹಾಕಿಸುವ ಮೊದಲು ತಂತ್ರಜ್ಞರ ಅಭಿಪ್ರಾಯ ಪಡೆಯಬೇಕು.

ತಯಾರಕರೇ ಕ್ಯಾಮೆರಾ ವ್ಯವಹಾರದಿಂದ ಹೊರನಡೆದಿದ್ದರೆ ಬಿಡಿಭಾಗಗಳ ಕೊರತೆ ಉಂಟಾಗುತ್ತದೆ. ಕೋನಿಕಾ ಮಿನೋಲ್ಟಾ 2006ರಲ್ಲಿ, ಕೊಡ್ಯಾಕ್ 2012ರಲ್ಲಿ ಕ್ಯಾಮೆರಾ ವ್ಯವಹಾರವನ್ನು ಕೈಬಿಡುವುದಾಗಿ ಪ್ರಕಟಿಸಿದವು. ಒಲಿಂಪಸ್‌ನ ಕ್ಯಾಮೆರಾ ವಿಭಾಗವು 2021ರಲ್ಲಿ ಬೇರೆ ಕಂಪನಿಗೆ ವರ್ಗಾವಣೆಯಾಯಿತು. ಇಂತಹ ಕ್ಯಾಮೆರಾಗಳಿಗೆ ಅನುಭವಸ್ಥ ಸ್ಥಳೀಯ ದುರಸ್ತಿಗಾರರನ್ನು ಆಶ್ರಯಿಸಬಹುದು. ಆದರೆ ಅಲ್ಲಿಯೂ ಲಿಖಿತ ಅಂದಾಜು, ರಸೀದಿ ಮತ್ತು ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಹಣ ಕೊಟ್ಟು ಪಡೆದ ದುರಸ್ತಿಯೂ ಅಧಿನಿಯಮದ ಅರ್ಥದಲ್ಲಿ ಸೇವೆಯಾಗಿದ್ದು, ಅದರಲ್ಲಿನ ನ್ಯೂನತೆಗೆ ದೂರು ಸಲ್ಲಿಸಬಹುದು.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ದುರಸ್ತಿ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನು ಆರಂಭಿಸಿದ್ದು, ವಿದ್ಯುನ್ಮಾನ ಉಪಕರಣಗಳೂ ಅದರ ವ್ಯಾಪ್ತಿಗೆ ಸೇರಿವೆ.

8. ಪರಿಹಾರ ಪಡೆಯುವ ವಿಧಾನ

ಹಂತ 1: ಮಾರಾಟಗಾರರಿಗೆ ಮತ್ತು ಕಂಪನಿಗೆ ಲಿಖಿತ ದೂರು ನೀಡುವುದು. ಆನ್‌ಲೈನ್ ಮೂಲಕ ಕೊಂಡಿದ್ದಲ್ಲಿ 2020ರ ಇ-ವಾಣಿಜ್ಯ ನಿಯಮಗಳ ಮೇರೆಗೆ ಆ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸತಕ್ಕದ್ದು. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯಲ್ಲಿ, ಅವಧಿ ತಿಳಿಸಿಲ್ಲದಿದ್ದರೆ 30 ದಿನಗಳಲ್ಲಿ, ಹಿಂಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ ಆಗಿದೆ.

ಹಂತ 2: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು. ಕನ್ನಡದಲ್ಲಿಯೂ ಈ ಸೇವೆ ಲಭ್ಯವಿದೆ. ಸಹಾಯವಾಣಿಯು ಕಂಪನಿಯೊಂದಿಗೆ ವ್ಯವಹರಿಸಿ ದೂರನ್ನು ಪರಿಹರಿಸಲು ಪ್ರಯತ್ನಿಸುತ್ತದೆ. ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ.

ಹಂತ 3: ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುವುದು. ವಸ್ತುವಿಗೆ ಪಾವತಿಸಿದ ಮೊತ್ತ 50 ಲಕ್ಷ ರೂ. ಮೀರದಿದ್ದಲ್ಲಿ ದೂರು ಈ ಆಯೋಗದ ವ್ಯಾಪ್ತಿಗೆ ಬರುತ್ತದೆ. 5 ಲಕ್ಷ ರೂ.ವರೆಗೆ ಶುಲ್ಕವಿಲ್ಲ. ಕ್ಯಾಮೆರಾವನ್ನು ಎಲ್ಲಿಯೇ ಕೊಂಡಿದ್ದರೂ ಗ್ರಾಹಕರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ದಾಖಲಿಸಬಹುದು. ವ್ಯಾಜ್ಯಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು.

ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದಲ್ಲಿ ಆಯೋಗವು ವಸ್ತುವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಬಹುದು. ಎದುರುದಾರರಿಗೆ ನೋಟಿಸು ತಲುಪಿದ ದಿನದಿಂದ ಸಾಧ್ಯವಾದಷ್ಟು ಮಟ್ಟಿಗೆ 3 ತಿಂಗಳಲ್ಲಿ, ಪರೀಕ್ಷೆ ಅಗತ್ಯವಿದ್ದಲ್ಲಿ 5 ತಿಂಗಳಲ್ಲಿ ದೂರನ್ನು ತೀರ್ಮಾನಿಸಬೇಕೆಂದು ಅಧಿನಿಯಮ ತಿಳಿಸುತ್ತದೆ. ದೋಷ ನಿವಾರಣೆ, ಹೊಸ ವಸ್ತು, ಹಣ ವಾಪಸು ಮತ್ತು ನಷ್ಟ ಪರಿಹಾರಕ್ಕೆ ಆದೇಶಿಸುವ ಅಧಿಕಾರ ಆಯೋಗಕ್ಕಿದೆ. ಆದೇಶದ ವಿರುದ್ಧ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

9. ವೃತ್ತಿನಿರತ ಛಾಯಾಗ್ರಾಹಕರ ಗಮನಕ್ಕೆ

ವಾಣಿಜ್ಯ ಉದ್ದೇಶಕ್ಕಾಗಿ ಕೊಂಡವರು ಗ್ರಾಹಕರಲ್ಲ ಎಂಬ ಕಾರಣ ನೀಡಿ ಛಾಯಾಗ್ರಾಹಕರ ದೂರನ್ನು ಕಂಪನಿಯವರು ವಿರೋಧಿಸಬಹುದು. ಆದರೆ ಸ್ವಯಂ ಉದ್ಯೋಗದ ಮೂಲಕ ಕೇವಲ ತಮ್ಮ ಜೀವನೋಪಾಯಕ್ಕಾಗಿ ಕೊಂಡು, ತಾವೇ ಬಳಸುವ ವಸ್ತುವು ವಾಣಿಜ್ಯ ಉದ್ದೇಶದ್ದಲ್ಲ ಎಂದು ಅಧಿನಿಯಮದ 2(7)ನೇ ಪ್ರಕರಣದ ವಿವರಣೆಯಲ್ಲಿ ಸ್ಪಷ್ಟಪಡಿಸಲಾಗಿದೆ. ಸಾಲ ಮಾಡಿ ಕ್ಯಾಮೆರಾ ಕೊಂಡು ಒಬ್ಬರೇ ಸ್ಟುಡಿಯೋ ನಡೆಸುವವರಿಗೆ ಈ ವಿವರಣೆ ದೊಡ್ಡ ಆಸರೆಯಾಗಿದೆ. ಅಂತಹವರು ತಮ್ಮ ದೂರಿನಲ್ಲಿ ಈ ಸಂಗತಿಯನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು.

ಅದೇ ರೀತಿ ಛಾಯಾಗ್ರಾಹಕರಿಗೆ ಹಣ ಕೊಟ್ಟ ಕುಟುಂಬದವರೂ ಗ್ರಾಹಕರೇ ಆಗಿರುತ್ತಾರೆ. ಕ್ಯಾಮೆರಾ ಕೆಟ್ಟು ಮದುವೆಯ ಚಿತ್ರಗಳು ನಷ್ಟವಾದಲ್ಲಿ ಸೇವಾ ನ್ಯೂನತೆಯ ದೂರನ್ನು ಛಾಯಾಗ್ರಾಹಕರೇ ಎದುರಿಸಬೇಕಾಗಬಹುದು. ಆದುದರಿಂದ ಎರಡು ಕಾರ್ಡುಗಳಿಗೆ ಒಮ್ಮೆಗೇ ಬರೆಯುವ ಸೌಲಭ್ಯವಿದ್ದರೆ ಅದನ್ನು ಬಳಸುವುದು, ಬದಲಿ ಕ್ಯಾಮೆರಾವನ್ನು ಜೊತೆಯಲ್ಲಿರಿಸಿಕೊಳ್ಳುವುದು ಮತ್ತು ಚಿತ್ರಗಳ ನಕಲು ಆಗುವವರೆಗೆ ಕಾರ್ಡನ್ನು ಅಳಿಸದಿರುವುದು ಅಗತ್ಯ.

10. ನಿರ್ವಹಣೆ ಮತ್ತು ವಿಲೇವಾರಿ

ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳ ಮಳೆಗಾಲದಲ್ಲಿ ಲೆನ್ಸಿನ ಒಳಗೆ ಬೂಷ್ಟು ಬೆಳೆಯುವುದುಂಟು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿರಿಸಿ, ತೇವಾಂಶವನ್ನು ಶೇ. 40ರಿಂದ 50ರಷ್ಟರಲ್ಲಿ ಕಾಯ್ದುಕೊಳ್ಳುವುದರಿಂದ ಇದನ್ನು ತಡೆಯಬಹುದು. ತೇವ ಹೀರುವ ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬಾರದು.

ದುರಸ್ತಿಗೆ ಯೋಗ್ಯವಲ್ಲದ ಕ್ಯಾಮೆರಾ ಮತ್ತು ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಸೇರಿಸದೆ, ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ನೀಡತಕ್ಕದ್ದು. ನೀಡುವ ಮೊದಲು ಕಾರ್ಡನ್ನು ತೆಗೆಯುವುದರ ಜೊತೆಗೆ, ಕ್ಯಾಮೆರಾದ ಆಂತರಿಕ ಮೆಮೊರಿಯಲ್ಲಿರುವ ಚಿತ್ರಗಳನ್ನೂ ನಕಲು ಮಾಡಿಕೊಂಡು ಅಳಿಸಬೇಕು.

ಸೂಚನೆ

ಕ್ಯಾಮೆರಾ ಸರಿಯಾಗಿರುವಾಗಲೇ ಬಿಲ್ಲು, ವಾರಂಟಿ ಕಾರ್ಡ್ ಮತ್ತು ಕ್ರಮಸಂಖ್ಯೆಯ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು, ಮನೆಯ ಮತ್ತೊಬ್ಬ ಸದಸ್ಯರಿಗೂ ಕಳುಹಿಸಿಡುವಂತೆ ಗ್ರಾಹಕರನ್ನು ಕೋರಲಾಗಿದೆ. ಉಷ್ಣ ಕಾಗದದ ಮೇಲೆ ಮುದ್ರಿಸಿದ ಬಿಲ್ಲುಗಳ ಅಕ್ಷರಗಳು ಕಾಲಕ್ರಮೇಣ ಅಳಿಸಿಹೋಗುವುದರಿಂದ, ವಾರಂಟಿ ಅವಧಿ ಮುಗಿಯುವ ಮೊದಲೇ ಬಿಲ್ಲು ಬರಿಯ ಬಿಳಿ ಕಾಗದವಾಗುವ ಸಂಭವವಿರುತ್ತದೆ.